ಮಿಚಿಕಮ್ಮನ ಹಿತ್ತಲಿನ ನಾಲ್ಕನೆಯ ನೆರಳು

ಒಮ್ಮೆ ನಾನು ತೆಗೆದ ಸೀಮಂತದ ಫೋಟೊ ಒಂದರಲ್ಲಿ ಬಸುರಿಯ ತಲೆಯ ಮೇಲೆ ಬಿಳಿ ಉಂಡೆಯೊಂದು ತೇಲುತ್ತಿರುವಂತೆ ಕಂಡಿತ್ತು. ತೀರಿಹೋದ ಅಜ್ಜಿಯೇ ಹರಸಲು ಬಂದಿದ್ದಾರೆ ಎಂದು ಆ ಮನೆಯವರೆಲ್ಲ ಕಣ್ಣೊರೆಸಿಕೊಂಡರು. ಅದು ಅಜ್ಜಿಯಲ್ಲ, ಲೆನ್ಸಿನ ಮುಂದೆ ಹಾರಾಡುತ್ತಿದ್ದ ಧೂಳಿನ ಮೇಲೆ ಫ್ಲ್ಯಾಶ್ ಬಿದ್ದದ್ದು ಎಂದು ವಿವರಿಸಲು ಹೋಗಿ ಎಲ್ಲರಿಂದ ಬೈಸಿಕೊಂಡವಳು ನಾನು. ವಾರವೆಲ್ಲ ಇಲ್ಲಿ ಅಮೆರಿಕದ ಲಿವೋನಿಯಾದ ಆಫೀಸಿನಲ್ಲಿ ದುಡಿದು, ಶನಿವಾರ ಭಾನುವಾರ ನಮ್ಮವರ ನಾಮಕರಣ, ಗೃಹಪ್ರವೇಶ, ಮಕ್ಕಳ ರಂಗಪ್ರವೇಶಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಕ್ಯಾಮೆರಾ ಒಂದು ಯಂತ್ರ, ಬೆಳಕು ಎಲ್ಲಿ ಬಿತ್ತೋ ಅದನ್ನು ಮಾತ್ರ ಅದು ಹಿಡಿಯುತ್ತದೆ, ತನ್ನ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಹೇಳುವಾಗ ಒಂದು ಫೋಟೊ ನೆನಪಾಗಿ ದನಿ ಸ್ವಲ್ಪ ಇಳಿಯುತ್ತದೆ. ಓದುವವರು ನಗುವುದಾದರೆ ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮೈಸೂರಿನಿಂದ ನಮ್ಮ ಅತ್ತೆ ಕಾರು ಕಾರ್ಖಾನೆಗಳ ಈ ಸೀಮೆಗೆ, ಟ್ರಾಯ್‌ನ ನಮ್ಮ ಮನೆಗೆ ಬಂದಿದ್ದರು. ಅತ್ತೆಗೆ ಆಗಲೇ ಎಪ್ಪತ್ತು ದಾಟಿತ್ತು. ಎದೆಯ ಕವಾಟವೊಂದು ಸರಿಯಿಲ್ಲ ಎಂದು ಗೊತ್ತಾಗಿತ್ತು. "ಮಗನ ಮನೆ ನೋಡಿಕೊಂಡು ಬನ್ನಿ, ಬಂದ ಮೇಲೆ ಆಪರೇಷನ್ ಮಾಡೋಣ" ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರಂತೆ. ಅತ್ತೆ ಆ ವಿಷಯ ಎತ್ತುತ್ತಿರಲಿಲ್ಲ. ನಾವು ಎತ್ತಿದರೆ, "ಕಾರಿನ ಊರಿಗೆ ಬಂದಿದೀನಿ, ಇಲ್ಲಿ ದಿನಾ ಪಾರ್ಟ್ ಬದಲಾಯಿಸ್ತಾರೆ, ನಂದೂ ಒಂದು ಪಾರ್ಟು" ಎಂದು ಮಾತು ಹಾರಿಸುತ್ತಿದ್ದರು. ಆದರೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಚಿತ್ರ ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದದ್ದನ್ನು ನಾನು ನೋಡಿದ್ದೆ. ನನಗೆ ಅವರನ್ನು ಕಂಡರೆ ಬಹಳ ಪ್ರೀತಿ. ಒಳಗೊಳಗೇ ಹೆದರಿಕೆಯಾಗುತ್ತಿತ್ತು.

ನಮ್ಮ ಬಡಾವಣೆಯಲ್ಲೇ ಎರಡು ಬೀದಿ ಆಚೆ ಮಿಚಿಕೊ ಎಂಬ ಜಪಾನಿ ಮುದುಕಿ ಒಬ್ಬರೇ ಇದ್ದರು. ಅವರ ಗಂಡ ಕಾರಿನ ಬಿಡಿಭಾಗದ ಕಂಪನಿಯ ಇಂಜಿನಿಯರಾಗಿ ಬಂದು, ಇಲ್ಲೇ ನೆಲೆಸಿ, ಇಲ್ಲೇ ತೀರಿಕೊಂಡವರು. ಬೆಳಗಿನ ವಾಕಿಂಗ್‌ನಲ್ಲಿ ಅತ್ತೆಗೂ ಅವರಿಗೂ ಸ್ನೇಹ ಗಂಟುಬಿತ್ತು. ಅತ್ತೆಗೆ ಅಷ್ಟಿಷ್ಟು ಇಂಗ್ಲಿಷ್, ಅವರಿಗೂ ಅಷ್ಟಿಷ್ಟೇ. ಇವರು ಕನ್ನಡದಲ್ಲಿ ಹೇಳುವುದು, ಅವರು ಜಪಾನಿಯಲ್ಲಿ ಹೂಂಗುಟ್ಟುವುದು, ಹೀಗೆ ಇಬ್ಬರೂ ಸೊಸೆಯರಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದರು. ವಾರ ಕಳೆಯುವುದರೊಳಗೆ ಅವರು ಅತ್ತೆಯ ಬಾಯಲ್ಲಿ ಮಿಚಿಕಮ್ಮ ಆಗಿಬಿಟ್ಟರು.

ಮಿಚಿಕಮ್ಮನ ಹಿತ್ತಲಿನಲ್ಲಿ, ಬೇಲಿಯ ಪಕ್ಕದ ಮೇಪಲ್ ಮರದ ಹತ್ತಿರ, ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ ಮರದ ಪುಟ್ಟ ಗುಡಿಯೊಂದಿತ್ತು. ಇಳಿಜಾರು ಮಾಡು, ಎರಡು ಪುಟ್ಟ ಬಾಗಿಲು, ಮುಂದೆ ಹುರಿಹಗ್ಗದ ತೋರಣ. ಗಂಡ ತನ್ನ ಕೈಯಾರೆ ಮಾಡಿದ್ದಂತೆ. ಆ ಶರತ್ಕಾಲದಲ್ಲಿ ಮಿಚಿಕಮ್ಮ ಮನೆ ಮಾರಿ ಜಪಾನಿನಲ್ಲಿರುವ ಮಗಳ ಹತ್ತಿರ ಹೊರಟಿದ್ದರು. ಗುಡಿಯನ್ನು ಹಾಗೇ ಬಿಟ್ಟು ಹೋಗುವಂತಿಲ್ಲ, ಅದರೊಳಗಿರುವ ದೇವರನ್ನು ಶಾಸ್ತ್ರೋಕ್ತವಾಗಿ ಕಳಿಸಿಕೊಡಬೇಕು, ಅದಕ್ಕೆ ಶಿಕಾಗೊ ಕಡೆಯಿಂದ ತಮ್ಮ ಶಿಂಟೊ ಧರ್ಮದ ಪುರೋಹಿತರು ಬರುತ್ತಾರೆ, ನೀನು ಫೋಟೊ ತೆಗೆದುಕೊಡುತ್ತೀಯಾ ಎಂದು ನನ್ನನ್ನು ಕೇಳಿದರು. ಜಪಾನಿ ಪೂಜೆಯ ಫೋಟೊ ನಾನು ಯಾವತ್ತೂ ತೆಗೆದಿರಲಿಲ್ಲ. ತಕ್ಷಣ ಒಪ್ಪಿಕೊಂಡೆ. ಮನೆಗೆ ಬಂದು ಅತ್ತೆಗೆ ವಿಷಯ ವಿವರಿಸಲು ತಿಣುಕಾಡುತ್ತಿದ್ದರೆ ಅವರು ಅರ್ಧಕ್ಕೇ ತಡೆದರು.

"ವಿಸರ್ಜನೆ ಅಂತ ಹೇಳು, ಸಾಕು. ಹಾಗಾದ್ರೆ ದಾರಿಗೆ ಬುತ್ತಿ ಬೇಕಲ್ಲ" ಎಂದರು.

ನಮ್ಮ ಮನೆಯಲ್ಲಿ ಗೌರಿ ಗಣೇಶರನ್ನು ನೀರಿಗೆ ಬಿಡುವ ಮೊದಲು ಮೊಸರನ್ನ ನೈವೇದ್ಯ ಮಾಡುವುದು ರೂಢಿ. ದೂರ ಹೋಗುವವರಿಗೆ ಹೊಟ್ಟೆ ತಂಪಾಗಿರಲಿ ಎಂದು. ಪೂಜೆಯ ದಿನ ಅತ್ತೆ ಅನ್ನ ಮೆತ್ತಗೆ ಮಾಡಿ, ಮೊಸರು ಕಲಸಿ, ಶುಂಠಿ, ಹಸಿಮೆಣಸು, ದಾಳಿಂಬೆ ಕಾಳು ಹಾಕಿ ಒಗ್ಗರಣೆ ಕೊಟ್ಟು ಸ್ಟೀಲ್ ಡಬ್ಬಿಗೆ ತುಂಬಿದರು. ನಾನು ಕ್ಯಾಮೆರಾ, ಲೆನ್ಸು, ಬ್ಯಾಟರಿ ಎಲ್ಲವನ್ನೂ ಎಣಿಸಿ ಎಣಿಸಿ ಕಾರಿಗಿಟ್ಟೆ. ಡಬ್ಬಿ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು.

ಪುರೋಹಿತರನ್ನು ನೋಡಿ ನನಗೆ ಮೊದಲು ನಿರಾಸೆಯಾಯಿತು. ಜೀನ್ಸ್ ಪ್ಯಾಂಟು, ಬೇಸ್‌ಬಾಲ್ ಟೋಪಿ ಹಾಕಿಕೊಂಡ ನಲವತ್ತರ ಆಸುಪಾಸಿನ ಮನುಷ್ಯ ಮಿನಿವ್ಯಾನಿನಿಂದ ಇಳಿದು, ಹೆದ್ದಾರಿಯ ರಿಪೇರಿಯನ್ನು ಚೆನ್ನಾಗಿ ಬೈದು, ಕಾಫಿ ಇದೆಯೇ ಎಂದು ಕೇಳಿದರು. ಗ್ಯಾರೇಜಿನೊಳಗೆ ಹೋದವರು ಹೊರಗೆ ಬಂದಾಗ ಬೇರೆಯೇ ಆಗಿದ್ದರು. ಬಿಳಿ ಅಂಗಿಯ ದೊಡ್ಡ ತೋಳುಗಳು ನೆಲದ ಹತ್ತಿರಕ್ಕೆ ಇಳಿದಿದ್ದವು, ತಲೆಯ ಮೇಲೆ ಎತ್ತರದ ಕಪ್ಪು ಟೋಪಿ, ಕೈಯಲ್ಲಿ ಮರದ ಪಟ್ಟಿ. ನಡಿಗೆ ಕೂಡ ಬದಲಾಗಿತ್ತು. ಅತ್ತೆ ಸೀರೆ ಸರಿಮಾಡಿಕೊಂಡು ಹೋಗಿ ಬಗ್ಗಿ ನಮಸ್ಕಾರ ಮಾಡಿದರು. ವಯಸ್ಸಾದವರು ಬಗ್ಗಿದ್ದು ಕಂಡು ಅವರು ಇನ್ನೂ ಕೆಳಗೆ ಬಗ್ಗಿದರು. ಅತ್ತೆ ಬಿಡುತ್ತಾರೆಯೇ, ಮತ್ತೂ ಬಗ್ಗಿದರು. ನಾನು ನಡುವೆ ಹೋಗಿ ಬಿಡಿಸದಿದ್ದರೆ ಇಬ್ಬರೂ ಹುಲ್ಲಿನ ಮೇಲೆ ಕೂತುಬಿಡುತ್ತಿದ್ದರು.

ಪುರೋಹಿತರು ನನಗೆ ಹಾಕಿದ್ದು ಒಂದೇ ಷರತ್ತು. ದೇವರು ಹೊರಡುವ ಹೊತ್ತಿನಲ್ಲಿ ತಾನು ಒಂದು ದೀರ್ಘವಾದ ಸದ್ದು ಮಾಡುತ್ತೇನೆ, ಆಗ ಎಲ್ಲರೂ ತಲೆ ತಗ್ಗಿಸಬೇಕು, ಫೋಟೊ ತೆಗೆಯಬಾರದು ಎಂದರು. ಉಳಿದದ್ದೆಲ್ಲ ನನ್ನ ಇಷ್ಟ. ಗುಡಿಯ ಮುಂದೆ ಅಕ್ಕಿ, ಉಪ್ಪು, ನೀರು, ಮದ್ಯ, ಹಣ್ಣು ಜೋಡಿಸಿಟ್ಟಾಯಿತು. ಬಿಳಿ ಕಾಗದದ ಕುಚ್ಚು ಕಟ್ಟಿದ ಕೋಲನ್ನು ನಮ್ಮೆಲ್ಲರ ತಲೆಯ ಮೇಲೆ ಆಡಿಸಿದಾಗ ಸರಸರ ಎಂದು ಸದ್ದಾಯಿತು. ಅವರು ಮಂತ್ರ ಓದುತ್ತಿದ್ದಾಗ ಪಕ್ಕದ ಮನೆಯಲ್ಲಿ ಉದುರಿದ ಎಲೆಗಳನ್ನು ಗಾಳಿಯಿಂದ ಊದಿ ಗುಡ್ಡೆಮಾಡುವ ಯಂತ್ರ ಗುಂಯ್‌ಗುಡುತ್ತಿತ್ತು. ಆಮೇಲೆ ಅವರು ಆ ಸದ್ದು ಮಾಡಿದರು. ‘ಓ’ ಎಂದು ತಗ್ಗಿನಿಂದ ಎದ್ದು ಮೇಲೇರುತ್ತಾ ಹೋದ ಉದ್ದನೆಯ ದನಿ. ನಾನು ಕ್ಯಾಮೆರಾ ಇಳಿಸಿ ತಲೆ ತಗ್ಗಿಸಿದೆ. ಎಲೆ ಊದುವ ಯಂತ್ರ ಆ ಹೊತ್ತಿಗೇ ನಿಂತಿತ್ತು. ಅದು ಕಾಕತಾಳೀಯ ಎಂದು ಆಗಲೂ ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ. ಎಲೆಗಳನ್ನು ಎಷ್ಟು ಹೊತ್ತು ತಾನೇ ಊದುತ್ತಾರೆ?

ದೇವರು ಹೊರಟರು, ಗುಡಿ ಈಗ ಬರೀ ಮರದ ಪೆಟ್ಟಿಗೆ ಎಂದು ಪುರೋಹಿತರು ಇಂಗ್ಲಿಷಿನಲ್ಲಿ ತಿಳಿಸಿದರು. ಮಿಚಿಕಮ್ಮ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಅತ್ತೆಗೆ ಆಗ ನೆನಪಾಯಿತು.

"ಅಯ್ಯೋ, ಬುತ್ತಿ ಎಲ್ಲೇ?"

ನಾನು ನಾಲಿಗೆ ಕಚ್ಚಿಕೊಂಡೆ. ಅತ್ತೆಯ ಮುಖ ಸಪ್ಪಗಾಯಿತು. ನನ್ನ ಗಂಡ ಶ್ರೀಧರನಿಗೆ ಹೇಳಿದರು, "ಓಡು, ತಗೊಂಡು ಬಾ. ಬರೀ ಹೊಟ್ಟೇಲಿ ಕಳಿಸಿಬಿಟ್ವಲ್ಲೋ."

"ಅಮ್ಮ, ದೇವರು ಆಗಲೇ ಹೋದ್ರಂತೆ."

"ನೀನು ಕಾರಲ್ಲಿ ಹೋಗೋ ಅಂದ್ರೆ" ಎಂದರು ಅತ್ತೆ. ಅವನು ಹೋದ.

ಬಿಸಿಲು ಇಳಿಯುತ್ತಿತ್ತು. ನಮ್ಮಂಥವರು ಕಾಯುವ ಹೊನ್ನಿನ ಬೆಳಕು ಅದು, ಹೆಚ್ಚು ಹೊತ್ತು ಇರುವುದಿಲ್ಲ. ಗುಡಿಯ ಮುಂದೆ ಪುರೋಹಿತರ ಜೊತೆ ಮಿಚಿಕಮ್ಮನದೂ ಅತ್ತೆಯದೂ ಒಂದು ಫೋಟೊ ತೆಗೆದುಬಿಡೋಣ ಎಂದು ಮೂವರನ್ನೂ ನಿಲ್ಲಿಸಿದೆ. ಅತ್ತೆ ಎಣಿಸಿ ನೋಡಿ ಪಕ್ಕಕ್ಕೆ ಬಂದುಬಿಟ್ಟರು. ಮೂರು ಜನ ನಿಂತು ಫೋಟೊ ತೆಗೆಸಿಕೊಳ್ಳಬಾರದು, ಶ್ರೀಧರ ಬರಲಿ, ನಾಲ್ಕಾಗಲಿ ಎಂದರು. ಈ ನಂಬಿಕೆ ನಮ್ಮ ಕಡೆ ಎಷ್ಟು ಮನೆಗಳಲ್ಲಿದೆ ಎಂದು ಫೋಟೊ ತೆಗೆಯುವವರನ್ನು ಕೇಳಿ. ನಾನು ಮಿಚಿಕಮ್ಮನ ಕ್ಷಮೆ ಕೇಳುವ ದನಿಯಲ್ಲಿ, ನಮ್ಮಲ್ಲಿ ಹಳಬರು ಹೀಗೆ ಎಂದು ಶುರುಮಾಡಿದೆನೋ ಇಲ್ಲವೋ, ಅವರು ಕೂಡ ಎದೆಯ ಮುಂದೆ ಎರಡೂ ಕೈಗಳನ್ನು ಅಡ್ಡಡ್ಡ ಹಿಡಿದು ತಲೆಯಾಡಿಸಿದರು. "ತ್ರೀ ಪೀಪಲ್, ನೋ. ಮಿಡಲ್ ಪರ್ಸನ್..." ಎಂದು ಕಣ್ಣು ಮುಚ್ಚಿ ಕತ್ತು ವಾಲಿಸಿ ತೋರಿಸಿದರು. ಜಪಾನಿನಲ್ಲಿಯೂ ಇದೇ ಇದೆಯಂತೆ. ಮೂವರ ಫೋಟೊದಲ್ಲಿ ನಡುವೆ ನಿಂತವರು ಬೇಗ ಹೋಗುತ್ತಾರಂತೆ. ಅದಕ್ಕೇ ಕೆಲವರು ಕೈಯಲ್ಲೊಂದು ಗೊಂಬೆ ಹಿಡಿದು ನಾಲ್ಕು ಮಾಡಿಕೊಳ್ಳುತ್ತಾರಂತೆ. ನನಗೆ ಜೋರಾಗಿ ನಗು ಬಂತು. ಪುರೋಹಿತರೂ ನಕ್ಕರು. ಸ್ವಲ್ಪ ಹೊತ್ತಿನ ಮುಂಚೆ ಕೇಳಿದ್ದರೆ ದೇವರೇ ನಾಲ್ಕನೆಯವರು ಎನ್ನಬಹುದಿತ್ತು, ಈಗತಾನೇ ಕಳಿಸಿಬಿಟ್ಟೆನಲ್ಲ ಎಂದರು.

"ಬೆಳಕು ಹೋಗ್ತಿದೆ ಅತ್ತೆ, ಏನೂ ಆಗಲ್ಲ, ನಿಂತ್ಕೊಳ್ಳಿ" ಎಂದೆ.

ಆಗ ಶುರುವಾಯಿತು ನೋಡಿ. ಇಬ್ಬರೂ ಮುದುಕಿಯರು ಬಂದರು, ಆದರೆ ಇಬ್ಬರೂ ನಡುವಿಗೇ ನುಗ್ಗಿದರು. ಅತ್ತೆ ಮಿಚಿಕಮ್ಮನ ಭುಜ ಹಿಡಿದು ಅಂಚಿಗೆ ಸರಿಸಿದರು. ಮಿಚಿಕಮ್ಮ ಸುತ್ತಿ ಬಂದು ಅತ್ತೆಯನ್ನು ಅಂಚಿಗೆ ತಳ್ಳಿದರು. ಅವರನ್ನು ಬಿಡಿಸಲು ಪುರೋಹಿತರು ತಾವೇ ನಡುವೆ ನಿಂತರೆ, ಇಬ್ಬರೂ ಸೇರಿ ಅವರನ್ನು ಪಕ್ಕಕ್ಕೆ ಸರಿಸಿದರು. ಪಾಪ, ಚಿಕ್ಕ ವಯಸ್ಸಿನವರು. ನಾನು ನಗುತ್ತಾ ಒಂದರ ಮೇಲೊಂದು ಕ್ಲಿಕ್ಕಿಸುತ್ತಿದ್ದೆ. ಕೊನೆಗೆ ಅತ್ತೆ ಮಿಚಿಕಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದು ತಮ್ಮ ಬಲಕ್ಕೆ ನಿಲ್ಲಿಸಿಕೊಂಡು ಕನ್ನಡದಲ್ಲಿ ಹೇಳಿದರು, "ನೀನು ಮಗಳ ಹತ್ರ ಹೋಗ್ತಿದೀಯ, ನೆಮ್ಮದಿಯಾಗಿ ಇರು. ನಂಗೆ ಹೇಗಿದ್ರೂ ಎದೆ ಕೊಯ್ಯೋದಿದೆ. ಬಂದ್ರೆ ನಂಗೇ ಬರ್ಲಿ." ಮಿಚಿಕಮ್ಮನಿಗೆ ಒಂದು ಪದವೂ ಅರ್ಥವಾಗಿರಲಾರದು. ಆದರೂ ಸುಮ್ಮನೆ ನಿಂತುಬಿಟ್ಟರು. ನನಗೆ ನಗು ನಿಂತಿತು. ಆದರೆ ಬೆರಳು ಗುಂಡಿಯ ಮೇಲಿತ್ತು, ಒತ್ತಿತು.

ಶ್ರೀಧರ ಡಬ್ಬಿ ಹಿಡಿದು ಬಂದದ್ದು ಇದೆಲ್ಲ ಮುಗಿದು, ಮೂವರೂ ಜಗಲಿಯ ಕುರ್ಚಿಗಳಲ್ಲಿ ಕೂತ ಮೇಲೆ. ಇದನ್ನು ನೆನಪಿಡಬೇಕು. ಅತ್ತೆ ಒಂದು ಹಿಡಿ ಮೊಸರನ್ನವನ್ನು ಖಾಲಿ ಗುಡಿಯ ಮುಂದಿಟ್ಟು, ಉಳಿದದ್ದನ್ನು ಎಲ್ಲರಿಗೂ ಬಡಿಸಿದರು. ಪುರೋಹಿತರು ಎರಡು ಸಲ ಹಾಕಿಸಿಕೊಂಡು, ಹಸಿಮೆಣಸು ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡು ಶಿಕಾಗೊ ದಾರಿ ಹಿಡಿದರು.

ಮನೆಗೆ ಬಂದು ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಫೋಟೊಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ನಿಜ ಹೇಳುತ್ತೇನೆ, ಆ ಮೂವರ ಫೋಟೊವನ್ನು ಅಳಿಸಿಹಾಕಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ನಂಬಿಕೆಯೇನೂ ಇರಲಿಲ್ಲ. ಆದರೆ ನಡುವೆ ನಿಂತವರು ನಮ್ಮ ಅತ್ತೆ, ಇನ್ನು ಕೆಲವೇ ವಾರಗಳಲ್ಲಿ ಅವರ ಎದೆ ತೆರೆಯುತ್ತಾರೆ. ಅಂಥ ಫೋಟೊ ಇಟ್ಟುಕೊಂಡು ನಾನು ಸಾಧಿಸುವುದಾದರೂ ಏನು ಎಂದು ಮನಸ್ಸು ಹೇಳುತ್ತಿತ್ತು. ಹಿಂದಿನವೆಲ್ಲ ಎಳೆದಾಟದ ಚಿತ್ರಗಳು. ಒಂದರಲ್ಲಿ ಮಾತ್ರ ಮೂವರೂ ನೆಟ್ಟಗೆ ನಿಂತು ಎದುರಿಗೆ ನೋಡುತ್ತಿದ್ದರು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅಳಿಸುವ ಮುನ್ನ ಒಂದು ಸಲ ದೊಡ್ಡದು ಮಾಡಿ ನೋಡಿದೆ.

ಸೂರ್ಯ ಎಡಗಡೆ ಇದ್ದದ್ದರಿಂದ ನೆರಳುಗಳು ಬಲಕ್ಕೆ, ಹುಲ್ಲಿನ ಮೇಲೆ ಉದ್ದವಾಗಿ ಬಿದ್ದಿದ್ದವು. ಮಿಚಿಕಮ್ಮನದು, ಅತ್ತೆಯದು, ಎತ್ತರದ ಟೋಪಿಯ ಪುರೋಹಿತರದು. ಅದರಾಚೆಗೆ ಇನ್ನೊಂದು. ನಾಲ್ಕನೆಯದು. ಅದೇ ದಿಕ್ಕು, ಅಷ್ಟೇ ಗಾಢ. ಭುಜ, ಕತ್ತು, ತಲೆ ಸ್ಪಷ್ಟವಾಗಿದ್ದವು. ಪುರೋಹಿತರ ಪಕ್ಕ ಆ ನೆರಳಿನ ಬುಡದಲ್ಲಿ ಬರೀ ಹುಲ್ಲಿತ್ತು. ಆ ತಲೆ ಸ್ವಲ್ಪ ಒಳಮುಖವಾಗಿ ವಾಲಿತ್ತು. ಗುಂಪು ಫೋಟೊಗಳಲ್ಲಿ ಕೊನೆಯಲ್ಲಿ ನಿಂತವರು ತಾವೆಲ್ಲಿ ಚೌಕಟ್ಟಿನಿಂದ ಹೊರಗುಳಿಯುತ್ತೇವೋ ಎಂದು ತಲೆ ವಾಲಿಸುತ್ತಾರಲ್ಲ, ಹಾಗೆ. ಆ ಭಂಗಿಯನ್ನು ನಾನು ಎಷ್ಟು ನೋಡಿದ್ದೇನೆಂದರೆ, ಹೆದರಿಕೆಗಿಂತ ಮೊದಲು ‘ಫೋಟೊದಲ್ಲಿ ಬರ್ತೀರಿ, ನೆಟ್ಟಗೆ ನಿಲ್ಲಿ’ ಎನ್ನುವ ಮಾತೇ ಬಾಯಿಗೆ ಬಂತು. ಆಮೇಲೆ ಮೈ ಜುಮ್ಮೆಂದಿತು.

ಶ್ರೀಧರನನ್ನು ಕೂಗಿದೆ. ಅವನು ಪಕ್ಕದ ಊರು ವಾರೆನ್‌ನಲ್ಲಿ ಕಾರಿನ ಹೆಡ್‌ಲೈಟ್ ವಿನ್ಯಾಸ ಮಾಡುವವನು. ಬೆಳಕು ನೆರಳುಗಳೇ ಅವನ ಸಂಬಳ. ಮೊದಲು ನಕ್ಕ. ನಿನ್ನದೇ ನೆರಳಿರಬೇಕು ಎಂದ. ನನ್ನ ನೆರಳು ನನ್ನ ಬಲಕ್ಕೆ, ಚಿತ್ರದಿಂದ ಹೊರಗೆ ಬಿದ್ದಿರಬೇಕಿತ್ತು. ಮೇಪಲ್ ಮರದ್ದು ಎಂದ. ಅದು ಹಿಂದೆ ಬೇಲಿಯ ಮೇಲೆ ಬಿದ್ದಿತ್ತು. ಪಕ್ಕದ ಮನೆಯ ಕಿಟಕಿಯಿಂದ ಬಿಸಿಲು ಪ್ರತಿಫಲಿಸಿರಬೇಕು ಎಂದು ಕಾಗದದ ಮೇಲೆ ಗೆರೆ ಎಳೆದು, ಹಾಗಿದ್ದರೆ ಎರಡನೆಯ ನೆರಳು ಬೇರೆ ದಿಕ್ಕಿಗೆ ಬೀಳಬೇಕಲ್ಲ ಎಂದು ತಾನೇ ಹೊಡೆದುಹಾಕಿದ. ಅದರ ಹಿಂದಿನ ಫೋಟೊ ತೆಗೆದು ನೋಡಿದೆವು. ಅದೇ ಜಾಗ, ಅದೇ ಬೆಳಕು, ಮೂರೇ ನೆರಳು. ಮರುದಿನ ಅದೇ ಹೊತ್ತಿಗೆ ಅವನು ಮಿಚಿಕಮ್ಮನ ಹಿತ್ತಲಿಗೆ ಹೋಗಿ ಹುಲ್ಲಿನ ಮೇಲೆ ಅಲ್ಲಿ ಇಲ್ಲಿ ನಿಂತು, ಬಗ್ಗಿ, ಎದ್ದು ಪರೀಕ್ಷೆ ಮಾಡಿದ. ಏನೂ ಸಿಗದೆ, "ಸೆನ್ಸರ್ ಪ್ರಾಬ್ಲಮ್ ಇರ್ಬೇಕು, ಸರ್ವೀಸಿಗೆ ಕೊಡು" ಎಂದ. ಕೊಟ್ಟೆ. ಕ್ಯಾಮೆರಾ ಚೆನ್ನಾಗಿದೆ ಎಂದು ವಾಪಸು ಬಂತು.

ನೆರಳು ಕಂಡ ಆ ರಾತ್ರಿಯೇ, ಅತ್ತೆಗೆ ತೋರಿಸುವುದೋ ಬೇಡವೋ ಎಂದು ನಾವು ಪಿಸುಗುಟ್ಟುತ್ತಿದ್ದಾಗಲೇ ಅವರು ಹಿಂದೆ ಬಂದು ನಿಂತು ನೋಡಿಬಿಟ್ಟಿದ್ದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೆದರಲಿಲ್ಲ. ಅವರ ಮುಖ ಅರಳಿತು.

"ಬುತ್ತಿ ಬರ್ತಿದೆ ಅಂತ ಗೊತ್ತಾದ ಮೇಲೆ ಯಾರು ಹೋಗ್ತಾರೆ?" ಎಂದರು. "ಹೊರಟೆ ಅಂದೋರು ನಮ್ಮನೇಲೂ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ಮಾತಾಡ್ತಾರೆ. ಕಾಯ್ತಾ ನಿಂತಿದ್ದಾರೆ, ಇಲ್ಲಿ ಮೂರೇ ಜನ ಅಂತ ನೋಡಿದ್ದಾರೆ, ಬಂದು ನಿಂತ್ಕೊಂಡಿದ್ದಾರೆ. ಅಳಿಸಿಗಿಳಿಸಿ ಬಿಟ್ಟೀಯ."

ಮಿಚಿಕಮ್ಮನದು ಬೇರೆಯೇ ಲೆಕ್ಕ. ಅವರು ಫೋಟೊ ನೋಡಿ ಒಳಗೆ ಹೋಗಿ, ಕಟ್ಟಿಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ, ಗಂಡನ ಕಾರ್ಖಾನೆಯ ಹಳೆಯ ಗುಂಪು ಫೋಟೊ ತಂದರು. ಸಾಲಿನ ಕೊನೆಯಲ್ಲಿ ತೆಳ್ಳಗಿನ ಮನುಷ್ಯನೊಬ್ಬ ತಲೆಯನ್ನು ಒಳಕ್ಕೆ ವಾಲಿಸಿ ನಿಂತಿದ್ದ. ಅವರು ಆ ತಲೆಯ ಮೇಲೆ ಬೆರಳಿಟ್ಟು, ನನ್ನ ಫೋನಿನಲ್ಲಿದ್ದ ಚಿತ್ರದ ನಾಲ್ಕನೆಯ ನೆರಳಿನ ಮೇಲೆ ಬೆರಳಿಟ್ಟು, "ಆಲ್ವೇಸ್ ಲೈಕ್ ದಿಸ್" ಎಂದು ನಕ್ಕರು. ನಗುತ್ತಲೇ ಇದ್ದರು, ಕಣ್ಣಲ್ಲಿ ನೀರಿತ್ತು. ಸಾಲಿನ ಕೊನೆಯವರೆಲ್ಲ ಹಾಗೇ ನಿಲ್ಲುತ್ತಾರೆ, ನೂರಾರು ಜನರನ್ನು ನೋಡಿದ್ದೇನೆ ಎನ್ನುವ ಮಾತು ನನ್ನ ತುದಿನಾಲಿಗೆಯಲ್ಲಿತ್ತು. ಸೀಮಂತದ ಮನೆಯ ಪಾಠ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಪುರೋಹಿತರಿಗೂ ಚಿತ್ರ ಕಳಿಸಿದೆ. ವಿಧಿಯನ್ನು ತಾನು ಸರಿಯಾಗಿಯೇ ಮಾಡಿದ್ದೇನೆ ಎಂದು ಅವರು ಉತ್ತರ ಬರೆದರು. ಕೊನೆಯಲ್ಲಿ ಮೊಸರನ್ನ ಮಾಡುವ ಬಗೆಯನ್ನು ಕೇಳಿದ್ದರು.

ಮಿಚಿಕಮ್ಮ ಜಪಾನಿಗೆ ಹೋದರು. ನಾವು ಅತ್ತೆಯನ್ನು ಕರೆದುಕೊಂಡು ಮೈಸೂರಿಗೆ ಹೋದೆವು. ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಕೋಣೆಯಲ್ಲಿ ಅತ್ತೆ ಹಸಿರು ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಒಂದು ಪಕ್ಕ ಶ್ರೀಧರ, ಇನ್ನೊಂದು ಪಕ್ಕ ನನ್ನ ನಾದಿನಿ ವೀಣಾ. ಅತ್ತೆ ನನ್ನ ಕಡೆ ತಿರುಗಿ, "ಏನೇ, ಊರಿನವರ ಫೋಟೊ ಎಲ್ಲ ತೆಗೀತೀಯ, ನಮ್ಮದೊಂದು ತೆಗಿ" ಎಂದರು. ನಾನು ಫೋನ್ ಎತ್ತಿದೆ. ವೀಣಾ ಗಾಬರಿಯಿಂದ ಎದ್ದಳು.

"ಅಮ್ಮ, ಮೂರು ಜನ ಬೇಡ. ಇವತ್ತಂತೂ ಬೇಡ. ತಾಳಿ, ನರ್ಸ್‌ನ ಕರೀತೀನಿ."

"ಯಾರನ್ನೂ ಕರೀಬೇಡ, ಕೂತ್ಕೊ" ಎಂದರು ಅತ್ತೆ. ಹಾಸಿಗೆಯ ಮೇಲೆ ಚಾಚಿದ್ದ ಕಾಲನ್ನು ಮಡಿಸಿ ಪಕ್ಕಕ್ಕೆ ಎಳೆದುಕೊಂಡರು. ಮೈಸೂರಿನ ನಮ್ಮ ಮನೆಗೆ ನೆಂಟರು ಬಂದಾಗ ಮಂಚದ ಮೇಲೆ ಅವರು ಜಾಗ ಮಾಡಿಕೊಡುವುದೇ ಹಾಗೆ. ಆಮೇಲೆ ನನ್ನ ಕಡೆ ನೋಡಿ, "ಹೂಂ, ನಾಲ್ಕು ಜನ ಇದೀವಿ. ತೆಗಿ" ಎಂದರು.

ತೆಗೆದೆ. ಆಪರೇಷನ್ ಚೆನ್ನಾಗಿ ಆಯಿತು. ಅದು ಸರ್ಜನ್ನರ ಕೈಗುಣ, ನನಗೆ ಅದರಲ್ಲಿ ಸಂದೇಹವಿಲ್ಲ. ಅತ್ತೆ ಈಗ ನಿಲ್ಲದೆ ಮೆಟ್ಟಿಲು ಹತ್ತುತ್ತಾರೆ, ದಿನಾ ಬೆಳಿಗ್ಗೆ ಜಪಾನಿಗೆ ವಿಡಿಯೊ ಕಾಲ್ ಮಾಡಿ ಕನ್ನಡದಲ್ಲಿ ಮಾತಾಡುತ್ತಾರೆ. ಹಿತ್ತಲಿನ ಫೋಟೊ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ನೆರಳು ಎಣಿಸುತ್ತಾರೆ, ಶ್ರೀಧರ ಇನ್ನೂ ಒಂದೊಂದು ಹೊಸ ಕಾರಣ ಹುಡುಕುತ್ತಾನೆ, ತಾನೇ ಹೊಡೆದುಹಾಕುತ್ತಾನೆ. ನನಗೆ ಅಷ್ಟೂ ತಿಳಿಯುವುದಿಲ್ಲ. ಆಸ್ಪತ್ರೆಯ ಫೋಟೊವನ್ನೂ ಎಷ್ಟೋ ಸಲ ದೊಡ್ಡದು ಮಾಡಿ ನೋಡಿದ್ದೇನೆ. ಅಲ್ಲಿ ಸುತ್ತಲೂ ಟ್ಯೂಬ್‌ಲೈಟು, ಯಾರ ನೆರಳೂ ಬಿದ್ದಿಲ್ಲ, ಹಾಗಾಗಿ ಏನನ್ನೂ ಹೇಳಲಾರೆ. ಹಾಸಿಗೆಯ ತುದಿಯಲ್ಲಿ, ಅತ್ತೆ ಕಾಲು ಮಡಿಸಿಕೊಂಡ ಕಡೆ, ಒಬ್ಬರು ಕೂರುವಷ್ಟು ಜಾಗ ಇದೆ.